ಅಟ್ಟದಲ್ಲಿ ಸಿಕ್ಕ ಎಡಿಸನ್ ಫೋನೋಗ್ರಾಫ್: ತಿರುಗುತ್ತದೆ, ಆದರೆ ಹಾಡುವ ಬದಲು ಅಳುತ್ತದೆ

ಮಂಡಿಪೇಟೆ ಮೊಮ್ಮಗ
ಎಲ್ಲರಿಗೂ ನಮಸ್ಕಾರ. ದಾವಣಗೆರೆಯ ನಮ್ಮ ಹಳೇ ಮನೆ ಕೆಡವುವ ಮುಂಚೆ ಅಟ್ಟ ಖಾಲಿ ಮಾಡಿಸಿದೆವು. ಹತ್ತಿ ವ್ಯಾಪಾರದ ಲೆಕ್ಕದ ಪುಸ್ತಕಗಳು, ತೂತಾದ ಹಂಡೆ, ಕಾಲು ಮುರಿದ ತೊಟ್ಟಿಲು, ಅದರ ಹಿಂದೆ ಗೋಣಿಚೀಲ ಸುತ್ತಿದ ಒಂದು ಮರದ ಪೆಟ್ಟಿಗೆ. ಹೊಲಿಗೆ ಮಷೀನ್ ಅಂದುಕೊಂಡು ಗುಜರಿ ಗುಂಪಿಗೆ ಸೇರಿಸಿದ್ದೆ. ಹೆಂಡತಿ ಮುಚ್ಚಳ ತೆಗೆದು ನೋಡಿದ್ದಕ್ಕೆ ಉಳಿಯಿತು. ಎಡಿಸನ್ ಸ್ಟ್ಯಾಂಡರ್ಡ್ ಫೋನೋಗ್ರಾಫ್! ತಟ್ಟೆ ಹಾಕುವುದಲ್ಲ, ಲೋಟದಂಥ ಸಿಲಿಂಡರ್ ತೊಡಿಸುವುದು. ಮುತ್ತಜ್ಜ ಹತ್ತಿ ವ್ಯಾಪಾರಕ್ಕೆ ಮುಂಬೈಗೆ ಹೋಗಿಬರುತ್ತಿದ್ದರಂತೆ, ಅಲ್ಲಿಂದ ತಂದದ್ದಿರಬೇಕು. ಪ್ಲೇಟಿನ ಮೇಲೆ ಕೊನೇ ತಾರೀಕು 1903 ಅಂತ ಇದೆ, ಹಾಗಾಗಿ 1903ರ ಮಷೀನು.

ಜೊತೆಗೆ ಏಳು ಸಿಲಿಂಡರ್ ಇವೆ. ನಾಲ್ಕು ಕಪ್ಪು, ಎರಡು ನೀಲಿ, ಒಂದು ಕಂದು. ಧೂಳು ಒರೆಸಿ, ಎಣ್ಣೆ ಬಿಟ್ಟು, ಕೀಲಿ ಕೊಟ್ಟೆ. ತಿರುಗಿತು! ಮನೆಯವರೆಲ್ಲ ಚಪ್ಪಾಳೆ ತಟ್ಟಿದರು. ಆದರೆ ಕಪ್ಪು ಸಿಲಿಂಡರ್ ಹಾಕಿದರೆ ಹಾಡು ಅಲೆ ಅಲೆಯಾಗಿ ಬರುತ್ತದೆ, ಯಾರೋ ಅತ್ತ ಹಾಗೆ, ನಡುನಡುವೆ ಪೆಟ್ಟಿಗೆಯೊಳಗಿಂದ ದಡ್ ಅಂತ ಒದೆತ. ದನಿಯೂ ಬಾವಿಯೊಳಗಿಂದ ಬಂದಂತೆ. ನೀಲಿ ಹಾಕಿದರೆ ಹಾಡೇ ಇಲ್ಲ, ಕಿರ್ರ್ ಅಂತ ಜಾರಿಕೊಂಡು ಎರಡು ನಿಮಿಷದಲ್ಲಿ ಕೊನೆ ಮುಟ್ಟುತ್ತದೆ. ಕಂದು ಬಣ್ಣದ್ದರ ಮೇಲೆ ಬಿಳಿ ಬೂಷ್ಟು ಇದೆ, ಅದನ್ನು ಇನ್ನೂ ಹಾಕಿಲ್ಲ. ಎಲ್ಲಿಂದ ಶುರು ಮಾಡಲಿ?

ಖಾರ ಮಂಡಕ್ಕಿ
ಸಿಲಿಂಡರ್ ಅಂತ ನೋಡಿ ಯಾರದೋ ಮನೆಯಲ್ಲಿ ಗ್ಯಾಸ್ ಖಾಲಿ ಅಂತ ಒಳಗೆ ಬಂದೆ. ಕೂತಿರುತ್ತೇನೆ, ನೀವು ಮಾತಾಡಿ.

ಚಳ್ಳಕೆರೆ ಗಾಣ
ಎಣ್ಣೆ ಬಿಟ್ಟೆ ಅಂದಿರಲ್ಲ, ಯಾವ ಎಣ್ಣೆ?

ಮಂಡಿಪೇಟೆ ಮೊಮ್ಮಗ
ಮನೆಯಲ್ಲಿ ಇದ್ದದ್ದು. ಕೊಬ್ಬರಿ ಎಣ್ಣೆ.

ಚಳ್ಳಕೆರೆ ಗಾಣ
ಅಯ್ಯೋ ನನ್ನಪ್ಪ. ನಮ್ಮದು ಎಣ್ಣೆ ಮಿಲ್ಲಿನ ಊರು, ಎಣ್ಣೆ ವಿಷಯದಲ್ಲಿ ನಮ್ಮ ಮಾತು ಕೇಳಿ. ತಿನ್ನುವ ಎಣ್ಣೆ ಯಾವುದೂ ಮಷೀನಿಗೆ ಬೇಡ. ಕೊಬ್ಬರಿ ಎಣ್ಣೆ ಡಿಸೆಂಬರಿನಲ್ಲಿ ಬಾಟಲಿಯೊಳಗೇ ಗಟ್ಟಿಯಾಗಿ ಕೂರುತ್ತದೆ, ಅಲ್ವಾ? ವೇಗ ಹಿಡಿದಿಡುವ ಭಾಗ ಇದೆಯಲ್ಲ, ಗವರ್ನರ್, ಅದರ ಒಳಗೂ ಹಾಗೇ ಕೂರುತ್ತದೆ. ಕುಸುಬೆ, ಸೂರ್ಯಕಾಂತಿ ಇನ್ನೂ ಕೆಟ್ಟವು, ಗಾಳಿಗೆ ಒಣಗಿ ಅಂಟಾಗುತ್ತವೆ. ಎಲ್ಲ ಸೀಮೆಎಣ್ಣೆಯಲ್ಲಿ ತೊಳೆದು ಒಣಗಿಸಿ, ಹೊಲಿಗೆ ಮಷೀನ್ ಎಣ್ಣೆ ಒಂದೊಂದು ತೊಟ್ಟು ಹಾಕಿ. ತೊಟ್ಟು ಅಂದರೆ ತೊಟ್ಟು, ಒಗ್ಗರಣೆ ಅಲ್ಲ.

ಕೋಟೆ ಕಲ್ಲು
ಮೊದಲು ಅಸಲಿಯೋ ನಕಲಿಯೋ ನೋಡಿಕೊಳ್ಳಿ. ಫಳಫಳ ಹಿತ್ತಾಳೆ ಹಾರ್ನ್ ಕೂರಿಸಿ, ಹೊಸ ಪೆಟ್ಟಿಗೆಗೆ ಟೀ ಬಣ್ಣ ಬಳಿದು, 100 ವರ್ಷ ಹಳೇದು ಅಂತ ಮಾರುವವರು ನಮ್ಮ ದೇಶದ ತುಂಬ ಇದ್ದಾರೆ. ನನ್ನ ಭಾವ ಒಂದು ತಂದು ಚಿತ್ರದುರ್ಗದ ಮನೆ ಹಾಲಿನಲ್ಲಿ ಇಟ್ಟಿದ್ದಾನೆ. ನಾಯಿ ಚಿತ್ರ ಕೂಡ ಇದೆ, ನಾಯಿಗೆ ಬಾಲ ಇಲ್ಲ.

ಮೇಣದ ನಳಿಗೆ
ಆ ನಕಲಿಗಳು ಹೆಚ್ಚಾಗಿ ತಟ್ಟೆ ಗ್ರಾಮಫೋನ್‌ಗಳು. ಅಟ್ಟದಲ್ಲಿ ಗೋಣಿಚೀಲದಲ್ಲಿ ಸಿಲಿಂಡರ್ ಸಮೇತ ಸಿಕ್ಕಿದ್ದು ನಕಲಿ ಆಗಿರೋದು ಕಷ್ಟ. ಆದರೆ ಒಂದು ತಿದ್ದುಪಡಿ. ಪ್ಲೇಟಿನ ಮೇಲಿನ ತಾರೀಕು ಪೇಟೆಂಟ್ ಸಿಕ್ಕ ತಾರೀಕು, ಮಷೀನ್ ಹುಟ್ಟಿದ ತಾರೀಕು ಅಲ್ಲ. ಸ್ಟ್ಯಾಂಡರ್ಡ್ ಮಾದರಿ ಮಾರಾಟಕ್ಕೆ ಬಂದದ್ದು 1898ರಲ್ಲಿ. ನಿಮ್ಮದು 1903ರ ಕೊನೆಯಿಂದ ಈಚೆಗೆ ಯಾವಾಗ ಬೇಕಾದರೂ ಆಗಿರಬಹುದು. ಉಳಿದದ್ದು ರಾತ್ರಿ ಬರೆಯುತ್ತೇನೆ, ಈಗ ಆಫೀಸಿನಲ್ಲಿದ್ದೇನೆ. ಅಲ್ಲಿಯವರೆಗೆ ದಯವಿಟ್ಟು ಆ ನೀಲಿ ಸಿಲಿಂಡರ್ ಮತ್ತೆ ಹಾಕಬೇಡಿ. ಕಂದು ಬಣ್ಣದ್ದನ್ನು ಮುಟ್ಟಲೇಬೇಡಿ.

ಗಡಿಯಾರದ ಮುಳ್ಳು
ನಾನು ದುರ್ಗದಲ್ಲಿ ಗಡಿಯಾರ ರಿಪೇರಿ ಮಾಡುವವನು, ಈಗ ಅಂಗಡಿ ಮಗನದು. ಫೋನೋಗ್ರಾಫ್ ಮೂರೇ ಮೂರು ನೋಡಿದ್ದೇನೆ, ಆದರೆ ಸ್ಪ್ರಿಂಗು ಗವರ್ನರ್ ಎಲ್ಲ ಕಡೆ ಒಂದೇ ಜಾತಿ.

ದಡ್ ಅನ್ನುವ ಒದೆತ ಮೇನ್ ಸ್ಪ್ರಿಂಗಿನದು. ಡಬ್ಬಿಯೊಳಗಿನ ಗ್ರೀಸ್ ನೂರು ವರ್ಷದಲ್ಲಿ ಹಳೇ ಬೆಲ್ಲದಂತಾಗಿರುತ್ತದೆ. ಸ್ಪ್ರಿಂಗಿನ ಸುರುಳಿಗಳು ಒಂದಕ್ಕೊಂದು ಅಂಟಿಕೊಂಡು, ಬಿಟ್ಟಾಗ ಜಿಗಿಯುತ್ತವೆ. ಅದೇ ಸದ್ದು. ಹಳೆಯ ಗ್ರೀಸ್ ತೆಗೆದು ಹೊಸದು ಹಾಕಬೇಕು. ವ್ಯಾಸಲೀನ್‌ಗೆ ಗ್ರಾಫೈಟ್ ಪುಡಿ ಕಲಸಿ ಹಾಕುವುದು ಹಳೇ ಕಾಲದ ಪದ್ಧತಿ, ಈಗಲೂ ನಡೆಯುತ್ತದೆ. ಆದರೆ ಡಬ್ಬಿಯನ್ನು ನೀವೇ ಬಿಚ್ಚಬೇಡಿ. ಕೀಲಿ ಪೂರ್ತಿ ಇಳಿಸಿದ ಮೇಲೂ ಡಬ್ಬಿಯೊಳಗೆ ಸ್ಪ್ರಿಂಗ್ ಮುದುರಿಕೊಂಡೇ ಇರುತ್ತದೆ. ನಮ್ಮಪ್ಪನ ಎಡಗೈ ಹೆಬ್ಬೆರಳಲ್ಲಿ ಎರಡು ಇಂಚು ಗಾಯದ ಗುರುತು ಇತ್ತು, ಗೋಡೆ ಗಡಿಯಾರದ ಸ್ಪ್ರಿಂಗ್ ಕೊಟ್ಟದ್ದು. ಇದು ಅದಕ್ಕಿಂತ ದಪ್ಪ. ದಪ್ಪ ಚರ್ಮದ ಗ್ಲೌಸ್ ಇಲ್ಲದೆ ಕೈ ಹಾಕುವವನು ದಡ್ಡ.

ಅಳುವುದಕ್ಕೆ ಕಾರಣ ಎರಡು ಮೂರು ಇರಬಹುದು. ಗವರ್ನರಿನಲ್ಲಿ ತೆಳು ಸ್ಪ್ರಿಂಗ್ ಪಟ್ಟಿಗಳ ಮೇಲೆ ಮೂರು ಗುಂಡು ಇರುತ್ತವೆ. ವೇಗ ಜಾಸ್ತಿಯಾದರೆ ಗುಂಡುಗಳು ಹೊರಗೆ ಹಾರುತ್ತವೆ, ಆಗ ಅದರ ತಟ್ಟೆ ಸರಿದು ಚರ್ಮದ ಪ್ಯಾಡಿಗೆ ಉಜ್ಜುತ್ತದೆ, ವೇಗ ಇಳಿಯುತ್ತದೆ. ಪ್ಯಾಡ್ ಒಣಗಿ ಕಲ್ಲಾಗಿದ್ದರೆ ಹಿಡಿದು ಬಿಟ್ಟು, ಹಿಡಿದು ಬಿಟ್ಟು ಮಾಡುತ್ತದೆ. ಹಾಡು ಅಳುವುದು ಹಾಗೆ. ಪ್ಯಾಡಿಗೆ ಒಂದು ತೊಟ್ಟು ಎಣ್ಣೆ ಕುಡಿಸಿ ನೋಡಿ. ಮೂರು ಪಟ್ಟಿಗಳಲ್ಲಿ ಒಂದು ಮುರಿದಿದ್ದರೂ ಇದೇ ಗೋಳು. ಇನ್ನೊಂದು, ಬೆಲ್ಟ್ ನೋಡಿ.

ಹೊಳೆದಂಡೆ ಹರಿಹರ
ಬೆಲ್ಟಿಗೆ ಸೈಕಲ್ ಟ್ಯೂಬ್ ಕತ್ತರಿಸಿ ಹಾಕಿ. ನಮ್ಮ ಮಾವನ ಮಷೀನಿಗೆ ಹಾಗೇ ಹಾಕಿದ್ದೆವು, ಚೆನ್ನಾಗಿ ಓಡಿತು.

ಗಡಿಯಾರದ ಮುಳ್ಳು
ಓಡುತ್ತದೆ ಸ್ವಾಮಿ, ಹಾಡುವುದಿಲ್ಲ. ರಬ್ಬರ್ ಎಳೆದಷ್ಟು ಹಿಗ್ಗುತ್ತದೆ. ಮೋಟಾರ್ ಎಳೆದಾಗ ಹಿಗ್ಗಿ, ಆಮೇಲೆ ಕುಗ್ಗಿ, ಸಿಲಿಂಡರ್ ಜೋಕಾಲಿ ಆಡುತ್ತದೆ. ತೆಳು ಚರ್ಮವೇ ಬೇಕು. ಎರಡೂ ತುದಿಯನ್ನು ಓರೆಯಾಗಿ ಕೆತ್ತಿ, ಒಂದರ ಮೇಲೊಂದು ಅಂಟಿಸಿ. ಜೋಡಿಸಿದ ಜಾಗ ಉಬ್ಬಿದ್ದರೆ ಪುಲ್ಲಿ ಮೇಲೆ ಅದು ಹಾದಾಗಲೆಲ್ಲ ಹಾಡು ಬಿಕ್ಕುತ್ತದೆ. ಬೆಲ್ಟ್ ಜಾಸ್ತಿ ಬಿಗಿ ಇದ್ದರೆ ಮೋಟಾರ್ ಏದುಸಿರು ಬಿಡುತ್ತದೆ, ಸಡಿಲ ಇದ್ದರೆ ಜಾರುತ್ತದೆ.

ಹೊಳೆದಂಡೆ ಹರಿಹರ
ನಮ್ಮ ಮಾವನಿಗೆ ಕಿವಿ ಮಂದ, ಈಗ ಅರ್ಥವಾಯಿತು ಯಾಕೆ ದೂರು ಬರಲಿಲ್ಲ ಅಂತ.

ಪಿಜೆ ಬಡಾವಣೆ ಮೇಷ್ಟ್ರು
ಫೋನೋಗ್ರಾಫ್, ಗ್ರಾಮಫೋನ್ ಎರಡೂ ಒಂದೇ, ಸುಮ್ನೆ ಹೆಸರು ಬೇರೆ. ನಮ್ಮ ಮೈಸೂರಿಗೂ ಇದಕ್ಕೂ ನಂಟಿದೆ. ಗೌಹರ್ ಜಾನ್ ಸಿಲಿಂಡರ್‌ನಲ್ಲಿ ಹಾಡಿದ ಮೊದಲ ಭಾರತೀಯಳು, ಆಕೆ ತೀರಿಕೊಂಡದ್ದು ಮೈಸೂರಿನಲ್ಲಿ.

ಮೇಣದ ನಳಿಗೆ
ಮೇಷ್ಟ್ರೇ, ಮೈಸೂರಿನ ಮಾತು ಸರಿ. ಆಕೆ 1928ರಲ್ಲಿ ಅರಮನೆಯ ಗಾಯಕಿಯಾಗಿ ಅಲ್ಲಿಗೆ ಬಂದರು, 1930ರ ಜನವರಿಯಲ್ಲಿ ಅಲ್ಲೇ ತೀರಿಕೊಂಡರು. ಆದರೆ 1902ರಲ್ಲಿ ಕಲ್ಕತ್ತೆಯಲ್ಲಿ ಗ್ರಾಮಫೋನ್ ಕಂಪನಿಯ ಗೈಸ್‌ಬರ್ಗ್ ಆಕೆಯ ಹಾಡು ಹಿಡಿದದ್ದು ತಟ್ಟೆಗೆ, ಸಿಲಿಂಡರಿಗಲ್ಲ. ನಮ್ಮವರ ಸಿಲಿಂಡರ್ ಬೇಕು ಅಂದರೆ ಅದೇ ಕಲ್ಕತ್ತೆಯ ಎಚ್. ಬೋಸ್ ಅವರನ್ನು ಹಿಡಿಯಿರಿ. ಅವರು ರವೀಂದ್ರನಾಥ ಟ್ಯಾಗೋರರ ದನಿಯನ್ನೇ ಸಿಲಿಂಡರಿನಲ್ಲಿ ತುಂಬಿಟ್ಟಿದ್ದರು.

ಹೆಸರು ಬೇರೆ, ಯಂತ್ರವೂ ಬೇರೆ. ಎಡಿಸನ್ 1877ರಲ್ಲಿ ಮಾಡಿದ್ದು ಫೋನೋಗ್ರಾಫ್. ಅದರಲ್ಲಿ ಸೂಜಿ ಮೇಲೆ ಕೆಳಗೆ ಕುಣಿಯುತ್ತದೆ. ಹತ್ತು ವರ್ಷದ ಮೇಲೆ ಬರ್ಲಿನರ್ ಮಾಡಿದ್ದು ಗ್ರಾಮಫೋನ್. ಅದರಲ್ಲಿ ಸೂಜಿ ಎಡಕ್ಕೆ ಬಲಕ್ಕೆ ಅಲ್ಲಾಡುತ್ತದೆ.

ಪಿಜೆ ಬಡಾವಣೆ ಮೇಷ್ಟ್ರು
ಒಪ್ಪಿದೆ. ತರಗತಿಯಲ್ಲಿ 30 ವರ್ಷ ಎರಡೂ ಒಂದೇ ಅಂತ ಹೇಳಿದ್ದೇನೆ, ಆ ಮಕ್ಕಳನ್ನೆಲ್ಲ ಈಗ ಎಲ್ಲಿ ಹುಡುಕಲಿ.

ಮೇಣದ ನಳಿಗೆ
ಸರಿ, ಈಗ ನೀಲಿಯ ಕಥೆ. ಮಷೀನ್ ಕೆಟ್ಟಿಲ್ಲ. ನೀವು ಹಾಕಿದ ಸಿಲಿಂಡರ್ ಅದರದ್ದಲ್ಲ, ಅಷ್ಟೇ.

ಕಪ್ಪು ಮೇಣದ ಸಿಲಿಂಡರುಗಳು ಎರಡು ನಿಮಿಷದವು. ಒಂದು ಇಂಚಿಗೆ 100 ಗೀರು. ಎಡಗಡೆ ಒಂದು ಸಣ್ಣ ಥ್ರೆಡ್ಡಿನ ಸ್ಕ್ರೂ ಇದೆ ನೋಡಿ, ಅದಕ್ಕೂ ಇಂಚಿಗೆ 100 ಥ್ರೆಡ್. ಸಿಲಿಂಡರ್ ಒಂದು ಸುತ್ತು ತಿರುಗಿದರೆ ಸೂಜಿ ಕೂತ ದನಿಪೆಟ್ಟಿಗೆ ಸರಿಯಾಗಿ ಒಂದು ಗೀರು ಮುಂದೆ ಸರಿಯುತ್ತದೆ. ನಿಮಿಷಕ್ಕೆ 160 ಸುತ್ತು, ಅಂದರೆ 1.6 ಇಂಚು. ತಟ್ಟೆಯಲ್ಲಿ ಸೂಜಿಯನ್ನು ಗೀರೇ ಎಳೆದುಕೊಂಡು ಹೋಗುತ್ತದೆ, ಇಲ್ಲಿ ಸ್ಕ್ರೂ ಕೈಹಿಡಿದು ನಡೆಸುತ್ತದೆ.

1908ರಲ್ಲಿ ಎಡಿಸನ್ ಕಂಪನಿ ನಾಲ್ಕು ನಿಮಿಷದ ಅಂಬೆರಾಲ್ ತಂದಿತು, ಇಂಚಿಗೆ 200 ಗೀರು. ಅದೂ ಮೊದಲು ಮೇಣದ್ದೇ. 1912ರಿಂದ ಬಂದದ್ದು ನೀಲಿ ಅಂಬೆರಾಲ್, ಸೆಲ್ಯುಲಾಯ್ಡ್, ಒಳಗೆ ಪ್ಲಾಸ್ಟರ್. ಅದನ್ನು ನಿಮ್ಮ ಮಷೀನಿಗೆ ಹಾಕಿದರೆ ಸ್ಕ್ರೂ ಎರಡರಷ್ಟು ಬೇಗ ಎಳೆಯುತ್ತದೆ, ಗೀರು ಬಿಟ್ಟು ಗೀರು ಹಾರುತ್ತದೆ. ಸೂಜಿಯ ನೀಲಮಣಿ ತುದಿಯೂ ಆ ಸಣ್ಣ ಗೀರಿಗೆ ದಪ್ಪ. ಅದಕ್ಕೇ ಕಿರ್ರ್. ನಾಲ್ಕು ನಿಮಿಷದ್ದನ್ನು ಎರಡು ನಿಮಿಷದಲ್ಲಿ ಮುಗಿಸಿತು ಅಂದಿರಲ್ಲ, ನಿಮ್ಮ ಪ್ರಶ್ನೆಯಲ್ಲೇ ಉತ್ತರ ಇತ್ತು. ಆ ಕಾಲದಲ್ಲಿ ಹಳೇ ಮಷೀನಿಗೆ ಕೂರಿಸಲು ಬೇರೆ ಗೇರ್ ಮಾರುತ್ತಿದ್ದರು, ಅದು ಸ್ಕ್ರೂವನ್ನು ಅರ್ಧ ವೇಗಕ್ಕೆ ಇಳಿಸುತ್ತಿತ್ತು. ಗೇರ್ ಜೊತೆಗೆ ದನಿಪೆಟ್ಟಿಗೆಯೂ ಬೇರೆ ಬೇಕು. ನಿಮ್ಮದರ ಮೇಲೆ ಯಾವ ಅಕ್ಷರ ಇದೆ?

ಮಂಡಿಪೇಟೆ ಮೊಮ್ಮಗ
ಸಿ ಅಂತ ಇದೆ. ಮುತ್ತಜ್ಜ ನೀಲಿ ಯಾಕೆ ತಂದರು ಹಾಗಾದರೆ?

ಖಾರ ಮಂಡಕ್ಕಿ
ಅಂಗಡಿಯವನು ಕೊಟ್ಟ, ತಂದರು. ನನ್ನ ಹೆಂಡತಿ ಮಿಕ್ಸಿಗೆ ಜಾರ್ ತಂದದ್ದೂ ಹೀಗೇ.

ಮೇಣದ ನಳಿಗೆ
ಸಿ ಅಂದರೆ ಎರಡು ನಿಮಿಷದ್ದೇ. ದನಿ ಬಾವಿಯೊಳಗಿಂದ ಬರುವುದು ಅದರ ರಬ್ಬರ್ ವಾಷರ್‌ನಿಂದ. ಅದರೊಳಗೆ ಒಂದು ತೆಳು ಬಿಲ್ಲೆ ಇದೆ, ಅಭ್ರಕದ್ದೋ ತಾಮ್ರದ್ದೋ. ಅದರ ಎರಡೂ ಬದಿ ರಬ್ಬರ್ ಬಳೆ. ನೂರು ವರ್ಷದ ರಬ್ಬರ್ ಹಪ್ಪಳ ಆಗಿರುತ್ತದೆ. ಬಿಲ್ಲೆಗೆ ಕುಣಿಯಲು ಜಾಗವೇ ಇರಲ್ಲ. ಮೆತ್ತಗಿನ ಹೊಸ ಬಳೆ ಹಾಕಿ, ಮೇಲಿನ ರಿಂಗನ್ನು ಬೆರಳಿನಲ್ಲಿ ತಿರುಗಿಸಿದಷ್ಟೇ ಬಿಗಿ ಮಾಡಿ. ಕೆಳಗೆ ತೂಗುವ ತೂಕದ ಕೀಲು ಎಣ್ಣೆ ಇಲ್ಲದೆ ಸಲೀಸಾಗಿ ಆಡಬೇಕು. ಉಫ್ ಅಂದರೆ ಅಲ್ಲಾಡಬೇಕು.

ಆಮೇಲೆ ಅರ್ಧ ನಟ್. ಸ್ಕ್ರೂ ಮೇಲೆ ಕೂರುವ, ಅರ್ಧಕ್ಕೆ ಸೀಳಿದ ನಟ್ಟಿನಂಥ ತುಂಡು. ಅದರ ಹಲ್ಲಿನಲ್ಲಿ ಹಳೇ ಕೊಳೆ ತುಂಬಿದ್ದರೆ ಹಿಡಿತ ತಪ್ಪಿ ಒಂದೇ ಸಾಲು ಮತ್ತೆ ಮತ್ತೆ ಬರುತ್ತದೆ. ಹಲ್ಲುಜ್ಜುವ ಹಳೇ ಬ್ರಷ್ ಸಾಕು. ಅದು ಸ್ಕ್ರೂ ಮೇಲೆ ಹಗುರಾಗಿ ಕೂರಬೇಕು. ಜಾಸ್ತಿ ಒತ್ತಿದರೆ ಥ್ರೆಡ್ ಸವೆಯುತ್ತದೆ, ಮೋಟಾರಿಗೂ ಭಾರ. ಕಮ್ಮಿ ಆದರೆ ಹಾರುತ್ತದೆ. ಮುಂದಿನ ಕಂಬಿಯ ಮೇಲೆ ಕೂರುವ ಸಣ್ಣ ಸ್ಕ್ರೂ ಇದೆಯಲ್ಲ, ಈ ಹೊಂದಾಣಿಕೆಗೇ ಅದು ಇರುವುದು. ಒಂದು ಸಲಕ್ಕೆ ಕಾಲು ಸುತ್ತು ಮಾತ್ರ.

ಸುಮ್ನೆ ಓದುವವಳು
ವೇಗ 160 ಅಂತ ಗೊತ್ತಾಗುವುದು ಹೇಗೆ? ಕಣ್ಣಲ್ಲಿ ಎಣಿಸೋಕಾಗುತ್ತಾ?

ಗಡಿಯಾರದ ಮುಳ್ಳು
ಸಿಲಿಂಡರಿನ ಅಂಚಿನೊಳಗೆ ಒಂದು ಚೀಟಿ ಸಿಕ್ಕಿಸಿ, ಬೆರಳಿಗೆ ತಾಗುವ ಹಾಗೆ. 15 ಸೆಕೆಂಡಿಗೆ 40 ಸಲ ತಾಗಿದರೆ 160. ಹಾಡು ನಡೆಯುತ್ತಿರುವಾಗಲೇ ಎಣಿಸಿ, ಸೂಜಿಯ ಭಾರ ಇಲ್ಲದಾಗ ಬೇರೆ ಲೆಕ್ಕ ಬರುತ್ತದೆ.

ಕೋಟೆ ಕಲ್ಲು
ಇಷ್ಟೆಲ್ಲ ಕಷ್ಟ ಯಾಕೆ, ಹೊರಗೆ ಪಾಲಿಶ್ ಹೊಡೆದು ಮಾರಿಬಿಡಿ. ಪೆಟ್ಟಿಗೆಗೆ ಸ್ಪಿರಿಟ್ ಹಾಕಿ ಒರೆಸಿದರೆ ಹೊಸದರ ಹಾಗೆ ಆಗುತ್ತದೆ.

ಮೇಣದ ನಳಿಗೆ
ದಯವಿಟ್ಟು ಬೇಡ! ಪೆಟ್ಟಿಗೆಯ ಮೇಲೆ ಎಡಿಸನ್ ಅಂತ ಚಿನ್ನದ ಬಣ್ಣದ ಬರಹ ಇರುತ್ತದೆ, ಸ್ಪಿರಿಟ್ ತಾಗಿದರೆ ಅರಗಿನ ಮೆರುಗೂ ಹೋಗುತ್ತದೆ, ಬರಹವೂ ಹೋಗುತ್ತದೆ. ಬೆಲೆ ಇರುವುದೇ ಆ ಹಳೇ ಮುಖಕ್ಕೆ.

ಕೋಟೆ ಕಲ್ಲು
ಆಯ್ತು ಆಯ್ತು. ಕಲ್ಲು ಒರೆಸಿ ಅಭ್ಯಾಸ.

ಮಂಡಿಪೇಟೆ ಮೊಮ್ಮಗ
ಹತ್ತು ದಿನ ಆಯಿತು, ವರದಿ ಒಪ್ಪಿಸುತ್ತೇನೆ. ಸ್ಪ್ರಿಂಗ್ ಡಬ್ಬಿಯನ್ನು ದುರ್ಗಕ್ಕೇ ಒಯ್ದು ಅಣ್ಣನವರ ಹತ್ತಿರ ಬಿಚ್ಚಿಸಿದೆ. ಒಳಗಿಂದ ಬಂದದ್ದು ಗ್ರೀಸ್ ಅಲ್ಲ, ಡಾಂಬರು. ಗವರ್ನರಿನ ಒಂದು ಪಟ್ಟಿ ಬಿರುಕು ಬಿಟ್ಟಿತ್ತು, ಅವರೇ ಬದಲಿಸಿದರು. ದುಡ್ಡು ತೆಗೆದುಕೊಳ್ಳಲಿಲ್ಲ, ಬೆಣ್ಣೆ ದೋಸೆ ಕೊಡಿಸು ಅಂದರು. ಬೆಲ್ಟಿಗೆ ಚಪ್ಪಲಿ ಹೊಲಿಯುವವರ ಹತ್ತಿರ ತೆಳು ಚರ್ಮ ತಂದೆ. ಮೂರನೇ ಬೆಲ್ಟ್ ಸರಿಹೋಯಿತು, ಮೊದಲ ಎರಡೂ ನನ್ನ ಕೈಯ ಪ್ರತಾಪ.

ನಿನ್ನೆ ರಾತ್ರಿ ಕಪ್ಪು ಸಿಲಿಂಡರ್ ಹಾಕಿದೆ. ಬ್ಯಾಂಡ್ ಸದ್ದು, ನೆಟ್ಟಗೆ, ಅಳು ಇಲ್ಲ. ಚೀಟಿ ಲೆಕ್ಕ 15 ಸೆಕೆಂಡಿಗೆ 41, ಗವರ್ನರ್ ಸ್ಕ್ರೂ ಕೂದಲೆಳೆಯಷ್ಟು ತಿರುಗಿಸಿ 40 ಮಾಡಿದೆ.

ಈಗ ಅಸಲಿ ವಿಷಯ. ಕಂದು ಸಿಲಿಂಡರಿನ ರಟ್ಟಿನ ಡಬ್ಬಿಯ ತಳದಲ್ಲಿ ಒಂದು ಚೀಟಿ ಸಿಕ್ಕಿತು. ಪೆನ್ಸಿಲ್ಲಿನಲ್ಲಿ, ಲೆಕ್ಕದ ಪುಸ್ತಕದ ಅದೇ ಮೋಡಿ ಅಕ್ಷರದ ಥರ ಕೈಬರಹ. "ಅವ್ವ. ಬೀಸುವ ಪದ." ಅಷ್ಟೇ. ಮುತ್ತಜ್ಜನ ತಾಯಿ! ಮನೆಯಲ್ಲೇ ದನಿ ಹಿಡಿಯಲು ಆಗುತ್ತಿತ್ತಾ?

ಸುಮ್ನೆ ಓದುವವಳು
ಮೈ ಜುಂ ಅಂತು.

ಮೇಣದ ನಳಿಗೆ
ಆಗುತ್ತಿತ್ತು. ಈ ಮಷೀನಿನ ದೊಡ್ಡ ಗುಣವೇ ಅದು, ತಟ್ಟೆ ಗ್ರಾಮಫೋನಿಗೆ ಮನೆಯಲ್ಲಿ ಆ ಭಾಗ್ಯ ಇರಲಿಲ್ಲ. ದನಿಪೆಟ್ಟಿಗೆ ತೆಗೆದು, ಅದರ ಜಾಗದಲ್ಲಿ ಕೆತ್ತುವ ಸೂಜಿಯ ಪೆಟ್ಟಿಗೆ ಕೂರಿಸಿ, ಖಾಲಿ ಮೇಣದ ಸಿಲಿಂಡರ್ ತೊಡಿಸಿ, ಹಾರ್ನಿನ ಬಾಯಿಗೆ ಬಾಯಿಟ್ಟು ಹಾಡುವುದು. ಕೆಟ್ಟರೆ ಮೇಲಿನ ಪದರ ಹೆರೆದು ಮತ್ತೆ ಹಾಡುವುದು. ಆ ಖಾಲಿ ಸಿಲಿಂಡರುಗಳು ಕಂದು ಬಣ್ಣದ ಮೆತ್ತಗಿನ ಮೇಣ. ನಿಮ್ಮ ಹತ್ತಿರ ಇರುವುದಕ್ಕೆ ಜಗತ್ತಿನಲ್ಲಿ ಇನ್ನೊಂದು ಪ್ರತಿ ಇಲ್ಲ.

ಹೊಳೆದಂಡೆ ಹರಿಹರ
ಮತ್ತೇನು ಯೋಚನೆ, ಹಾರ್ನ್ ಮುಂದೆ ಮೊಬೈಲ್ ಇಟ್ಟು ಒಂದೇ ಒಂದು ಸಲ ಹಾಕಿ. ರೆಕಾರ್ಡ್ ಆಯಿತಲ್ಲ.

ಮೇಣದ ನಳಿಗೆ
ಆ ಒಂದೇ ಸಲದ್ದೇ ನನಗೆ ಭಯ. ಸಿ ದನಿಪೆಟ್ಟಿಗೆ ಅಚ್ಚು ಹೊಯ್ದ ಗಟ್ಟಿ ಕಪ್ಪು ಮೇಣಕ್ಕೆ ಮಾಡಿದ್ದು. ಅದರ ಭಾರಕ್ಕೆ ಮೆತ್ತಗಿನ ಕಂದು ಮೇಣ ಸವೆಯುತ್ತದೆ. ಮೇಲೆ ಬೂಷ್ಟು ಬೇರೆ. ಬೂಷ್ಟು ಮೇಣವನ್ನೇ ತಿಂದು ಗುಳಿ ಮಾಡಿರುತ್ತದೆ, ಸೂಜಿ ಗುಳಿಗೆ ಬಿದ್ದರೆ ಅಂಚು ಕಿತ್ತುಬರುತ್ತದೆ.

ಹೊಳೆದಂಡೆ ಹರಿಹರ
ಹಾಕದೆ ಇಟ್ಟರೂ ಬೂಷ್ಟು ತಿನ್ನುತ್ತದಲ್ಲ? ದೇವರ ಪೆಟ್ಟಿಗೆಯಲ್ಲಿಟ್ಟು ಪೂಜೆ ಮಾಡೋದಾ? ಹಾಡಿದ್ದು ಕೇಳೋದಕ್ಕೆ ತಾನೇ.

ಗಡಿಯಾರದ ಮುಳ್ಳು
ಹರಿಹರದವರ ಮಾತಲ್ಲೂ ನ್ಯಾಯ ಇದೆ. ಆದರೆ ನಾನಾಗಿದ್ದರೆ ಹಾಕುತ್ತಿರಲಿಲ್ಲ.

ಮೇಣದ ನಳಿಗೆ
ಕೇಳಬೇಡಿ ಅನ್ನುತ್ತಿಲ್ಲ. ಸರಿಯಾದ ಕೈಯಲ್ಲಿ ಕೇಳಿ ಅನ್ನುತ್ತಿದ್ದೇನೆ. ಹಳೇ ಸಿಲಿಂಡರುಗಳಿಗೆ ಅಂತಲೇ ಆರ್ಕಿಯೋಫೋನ್ ಅನ್ನುವ ವಿದ್ಯುತ್ ಯಂತ್ರ ಇದೆ, ಫ್ರಾನ್ಸಿನ ಆರಿ ಶಾಮೂ ಮಾಡಿದ್ದು. ಹಗುರ ಸೂಜಿ, ಬೇಕಾದ ವೇಗ. ಅಮೆರಿಕದ ಸಾಂಟಾ ಬಾರ್ಬರಾ ವಿಶ್ವವಿದ್ಯಾಲಯ 10,000ಕ್ಕೂ ಹೆಚ್ಚು ಸಿಲಿಂಡರುಗಳನ್ನು ಡಿಜಿಟಲ್ ಮಾಡಿ ಯಾರು ಬೇಕಾದರೂ ಕೇಳುವ ಹಾಗೆ ಇಟ್ಟಿದೆ. ಅಂಥ ಕಡೆ ಮೊದಲು ಬರೆದು ಕೇಳಿ.

ಅಲ್ಲಿಯವರೆಗೆ, ಎರಡು ಬೆರಳನ್ನು ಒಳಗೆ ಅಗಲಿಸಿ ಎತ್ತಿ, ಹೊರಮೈ ಮುಟ್ಟಬೇಡಿ, ಕೈಯ ಬಿಸಿಗೇ ಬಿರುಕು ಬಿಟ್ಟ ಉದಾಹರಣೆ ಇವೆ. ಸ್ಪಿರಿಟ್ ಇಲ್ಲ, ಸೋಪು ಇಲ್ಲ. ನೆಟ್ಟಗೆ ನಿಲ್ಲಿಸಿ ಇಡಿ, ಮಲಗಿಸಬೇಡಿ. ದಾವಣಗೆರೆ ಬೇಸಿಗೆ ನಿಮಗೆ ಹೇಳಬೇಕಾಗಿಲ್ಲ, ಮಾಳಿಗೆ ಕೋಣೆ ಬೇಡ, ಕೆಳಗಿನ ತಂಪು ಕೋಣೆ. ಕಪ್ಪು ಮೇಣದವನ್ನೂ ಹಾಡಾದ ಮೇಲೆ ರಾತ್ರಿಯೆಲ್ಲ ಮಷೀನಿನ ಮೇಲೇ ಬಿಡಬೇಡಿ, ತಂಪಿಗೆ ಕುಗ್ಗಿ ಸೀಳುತ್ತವೆ.

ಪಿಜೆ ಬಡಾವಣೆ ಮೇಷ್ಟ್ರು
ಬೀಸುವ ಪದ ಅಂದಿರಿ. ನಮ್ಮ ಕಡೆ ಬೆಳಗಿನ ಜಾವ ಕಲ್ಲಿನ ಸದ್ದಿಗೆ ಹೊಂದಿಸಿ ಹಾಡುತ್ತಿದ್ದರು. ಹಾರ್ನ್ ಮುಂದೆ ನಿಂತು, ಬೀಸುವ ಕಲ್ಲು ಇಲ್ಲದೆ, ಆಕೆ ಹೇಗೆ ಹಾಡಿರಬಹುದು ಅಂತ ಯೋಚಿಸುತ್ತಿದ್ದೇನೆ.

ಮಂಡಿಪೇಟೆ ಮೊಮ್ಮಗ
ಮೇಷ್ಟ್ರೇ, ಅದಕ್ಕೂ ಉತ್ತರ ಸಿಕ್ಕಿತು. ಅಮ್ಮನಿಗೆ ಚೀಟಿ ತೋರಿಸಿದೆ. ಅವರು ಸೊಸೆಯಾಗಿ ಬಂದಾಗ ಅವರತ್ತೆ ಈ ಕಥೆ ಹೇಳಿದ್ದರಂತೆ. ಅವ್ವ ಕಲ್ಲು ಇಲ್ಲದೆ ಬಾಯಿ ಬಿಡಲ್ಲ ಅಂದಳಂತೆ, ಕೊನೆಗೆ ಬೀಸುವ ಕಲ್ಲನ್ನೇ ಪಡಸಾಲೆಗೆ ಹೊರಿಸಿ ತಂದರಂತೆ. ಅರ್ಧ ಹಾಡಿ, ಹಿಟ್ಟು ಮೂಗಿಗೆ ಹೋಗಿ ಕೆಮ್ಮಿದಳಂತೆ, ಎಲ್ಲರೂ ನಕ್ಕರಂತೆ. ಅವ್ವ ಸಿಟ್ಟಾಗಿ ಎದ್ದು ಹೋದಳು, ಮತ್ತೆ ಆ ಪೆಟ್ಟಿಗೆ ಹತ್ತಿರ ಬರಲೇ ಇಲ್ಲವಂತೆ. ಅಂದರೆ ಅದರೊಳಗೆ ಕೆಮ್ಮು, ನಗು ಎಲ್ಲ ಇದೆ.

ಹಾಕಿಲ್ಲ. ಎರಡು ಕಡೆ ಬರೆದಿದ್ದೇನೆ, ಉತ್ತರ ಕಾಯುತ್ತಿದ್ದೇನೆ. ಸಿಲಿಂಡರ್ ಕೆಳಗಿನ ಕೋಣೆಯ ಬೀರುವಿನಲ್ಲಿದೆ, ಕೀಲಿ ಹೆಂಡತಿಯ ಹತ್ತಿರ. ನನ್ನ ಹತ್ತಿರ ಇದ್ದರೆ ಯಾವುದಾದರೂ ರಾತ್ರಿ ಹಾಕಿಬಿಡುತ್ತೇನೆ.

ಹೊಳೆದಂಡೆ ಹರಿಹರ
ಕಲ್ಲು ಹೊತ್ತು ತಂದರು ಅಂದ ಮೇಲೆ ನಾನೂ ಸೋತೆ. ಕಾಯಿರಿ. ಉತ್ತರ ಬಂದ ದಿನ ಇಲ್ಲೇ ಹೇಳಿ, ಆ ಕೆಮ್ಮು ನಾನೂ ಕೇಳಬೇಕು.

ಖಾರ ಮಂಡಕ್ಕಿ
ಗಡಿಯಾರದಣ್ಣನಿಗೆ ದೋಸೆ ಕೊಡಿಸಿದಿರಾ ಇಲ್ವಾ, ಅದು ಹೇಳಿ ಮೊದಲು.

ಗಡಿಯಾರದ ಮುಳ್ಳು
ಕೊಡಿಸಿದರು. ಎರಡು ಬೆಣ್ಣೆ, ಒಂದು ಓಪನ್.

ಚಳ್ಳಕೆರೆ ಗಾಣ
ಎಲ್ಲ ಸರಿ, ಕೊಬ್ಬರಿ ಎಣ್ಣೆ ಪೂರ್ತಿ ತೆಗೆದಿರಾ?

ಮಂಡಿಪೇಟೆ ಮೊಮ್ಮಗ
ಮೂರು ಸಲ ಸೀಮೆಎಣ್ಣೆಯಲ್ಲಿ ತೊಳೆದೆ. ಎಣ್ಣೆ ಹೋಯಿತು. ಮಷೀನ್ ಬಿಸಿಯಾದಾಗ ಮಾತ್ರ ತಲೆಗೆ ಎಣ್ಣೆ ಹಚ್ಚಿಕೊಂಡವರು ಪಕ್ಕದಲ್ಲಿ ಕೂತ ಹಾಗೆ ವಾಸನೆ ಬರುತ್ತದೆ.